ಚಿತ್ರದ ನಡುವಿನ ಚುಕ್ಕೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಅರ್ಧ ಗಂಟೆ ಮಾತಾಡಬೇಕು ಎಂದು ಸಮಿತಿಯವರು ಕೇಳಿದಾಗ ಹಿಂಜರಿದೆ. ನಾನು ವಿಜ್ಞಾನಿಯಲ್ಲ, ವೈದ್ಯನೂ ಅಲ್ಲ. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ 32 ವರ್ಷ ಟೆಕ್ನೀಷಿಯನ್ ಆಗಿದ್ದು ನಿವೃತ್ತನಾದವನು. ಜೀವಕೋಶಗಳನ್ನು ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಹತ್ತಿರ ಇಡುವುದು ನನ್ನ ಕೆಲಸ. ನೋಡಿ ವರದಿ ಬರೆಯುವುದು ವೈದ್ಯರ ಕೆಲಸ. ಆದರೆ ಇಟ್ಟವನು ಒಮ್ಮೆ ಇಣುಕದೆ ಇರುತ್ತಾನೆಯೇ? ಹಾಗೆ ಇಣುಕಿ ಇಣುಕಿ ಕಲಿತದ್ದನ್ನೇ ಇಂದು ಹೇಳುತ್ತೇನೆ.

ಮಕ್ಕಳೇ, ನಿಮ್ಮ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬರುತ್ತದೆ. ನಮ್ಮ ಕಾಲದಲ್ಲೂ ಬರುತ್ತಿತ್ತು. "ಸಸ್ಯಕೋಶ ಮತ್ತು ಪ್ರಾಣಿಕೋಶದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ." ನಾವು ಏನು ಮಾಡುತ್ತಿದ್ದೆವು? ಅಳತೆಪಟ್ಟಿ ಇಟ್ಟು ಒಂದು ಆಯತ ಎಳೆದರೆ ಅದು ಸಸ್ಯಕೋಶ. ಅಕ್ಕನ ಬಳೆ ಇಟ್ಟು ಒಂದು ವೃತ್ತ ಎಳೆದರೆ ಅದು ಪ್ರಾಣಿಕೋಶ. ಕೊನೆಗೆ ನಡುವೆ ಪೆನ್ಸಿಲ್ ತಿರುವಿ ಒಂದು ಚುಕ್ಕೆ. ಅದರಿಂದ ಗೆರೆ ಎಳೆದು "ಕೋಶಕೇಂದ್ರ" ಎಂದು ಬರೆದರೆ ಮುಗಿಯಿತು. ಎಲ್ಲಕ್ಕಿಂತ ಅವಸರದಲ್ಲಿ ಬರೆಯುತ್ತಿದ್ದುದು ಆ ಚುಕ್ಕೆಯನ್ನೇ. ಮುಂದೆ 32 ವರ್ಷ ನನಗೆ ಅನ್ನ ಹಾಕಿದ್ದು ಅದೇ ಚುಕ್ಕೆ.

ನಾನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದ್ದು ಇದೇ ಶಾಲೆಯಲ್ಲಿ. ಆಗ ಇದ್ದದ್ದು ಒಂದೇ ಉಪಕರಣ. ಸಾಲಿನಲ್ಲಿ ನಿಂತು ಒಬ್ಬೊಬ್ಬರೇ ನೋಡಬೇಕಿತ್ತು. ನನ್ನ ಸರದಿ ಬಂದಾಗ ದಪ್ಪ ಕಪ್ಪು ಅಂಚಿನ, ದುಂಡಗಿನ ಒಂದು ಆಕಾರ ಕಂಡಿತು. ಪುಸ್ತಕದ ಪ್ರಾಣಿಕೋಶದ ಹಾಗೇ ಇತ್ತು. ಓಡಿ ಹೋಗಿ ಅಂದವಾಗಿ ಚಿತ್ರ ಬರೆದು, ನಡುವೆ ಚುಕ್ಕೆ ಇಟ್ಟು ಮೇಷ್ಟ್ರಿಗೆ ತೋರಿಸಿದೆ. ಅವರು ಒಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿ, ಒಮ್ಮೆ ನನ್ನ ಪಟ್ಟಿಯನ್ನು ನೋಡಿ ನಕ್ಕರು. "ಇದು ಗಾಳಿಗುಳ್ಳೆ ಕಣೋ. ಗುಳ್ಳೆ ನೋಡಿದ್ದು ತಪ್ಪಲ್ಲ. ಇಲ್ಲದ ಚುಕ್ಕೆ ಇಟ್ಟೆಯಲ್ಲ, ಅದು ತಪ್ಪು" ಅಂದರು. ಮೇಷ್ಟ್ರು ಈಗಿಲ್ಲ. ಆ ಮಾತು ಇದೆ.

ಇಂದು ಈ ಮೇಜಿನ ಮೇಲೆ ಒಂದು ಈರುಳ್ಳಿ ತಂದಿದ್ದೇನೆ. ಅದನ್ನು ನಾಲ್ಕು ಹೋಳು ಮಾಡಿ ಒಂದು ಪದರ ಬಿಡಿಸಿಕೊಳ್ಳಿ. ಪದರದ ಒಳಮೈ, ಅಂದರೆ ತಗ್ಗಾಗಿರುವ ಕಡೆ, ಮುರಿದು ಎಳೆದರೆ ಪ್ಲಾಸ್ಟಿಕ್ ಹಾಳೆಗಿಂತ ತೆಳುವಾದ ಪೊರೆ ಬರುತ್ತದೆ. ಅದನ್ನು ಒಣಗಲು ಬಿಡದೆ ನೀರಿಗೆ ಹಾಕಿ. ಸಣ್ಣ ತುಂಡನ್ನು ಸ್ಲೈಡಿನ ಮೇಲೆ ಮಡಿಕೆಯಿಲ್ಲದೆ ಹರಡಿ, ಒಂದು ಹನಿ ಸಾಫ್ರನಿನ್ ಅಥವಾ ಅಯೋಡಿನ್ ಹಾಕಿ. ಕವರ್‌ಸ್ಲಿಪ್ಪನ್ನು ಒಂದು ಅಂಚಿನಿಂದ ಓರೆಯಾಗಿ ನಿಧಾನಕ್ಕೆ ಇಳಿಸಿ. ದಪ್ಪೆಂದು ಬೀಳಿಸಿದರೆ ನನ್ನ ಹಾಗೆ ಗುಳ್ಳೆ ನೋಡುತ್ತೀರಿ.

ಈಗ ಕಾಣುವುದು ಇಟ್ಟಿಗೆ ಗೋಡೆಯಂಥ ನೋಟ. ಉದ್ದುದ್ದ ಕೋಣೆಗಳು, ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಈ ಗಟ್ಟಿ ಗೆರೆಗಳೇ ಕೋಶಭಿತ್ತಿ. ಅದು ಸೆಲ್ಯುಲೋಸ್ ಎಂಬ ವಸ್ತುವಿನಿಂದಾದ ಗೋಡೆ. ಗೋಡೆಯ ಒಳಮೈಗೆ ಅಂಟಿಕೊಂಡು ಕೋಶಪೊರೆ ಇದೆ. ಅದು ಎಷ್ಟು ತೆಳು ಎಂದರೆ ನಮ್ಮ ಶಾಲೆಯ ಸೂಕ್ಷ್ಮದರ್ಶಕಕ್ಕೆ ಬೇರೆಯಾಗಿ ಕಾಣುವುದಿಲ್ಲ. ಹಾಗಾದರೆ ಇದೆ ಎಂದು ನಂಬುವುದು ಹೇಗೆ? ಉಪ್ಪು ಹಾಕಿ ನೋಡಿ.

ಅಮ್ಮ ಕೋಸಂಬರಿ ಮಾಡುವಾಗ ಉಪ್ಪನ್ನು ಕೊನೆಗೆ ಹಾಕುತ್ತಾರೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ. ಆ ನೀರು ಎಲ್ಲಿತ್ತು? ಸಸ್ಯಕೋಶದ ನಡುವೆ ರಸದಾನಿ ಎಂಬ ದೊಡ್ಡ ಚೀಲ ಇರುತ್ತದೆ. ಬೆಳೆದ ಕೋಶದಲ್ಲಿ ಬಹುಪಾಲು ಜಾಗ ಅದರದ್ದೇ. ಹೊರಗೆ ಉಪ್ಪು ಹೆಚ್ಚಾದಾಗ ನೀರು ಪೊರೆಗಳನ್ನು ದಾಟಿ ಹೊರಗೆ ಬರುತ್ತದೆ. ಕೆಂಪು ಈರುಳ್ಳಿಯ ಬಣ್ಣದ ಕಡೆಯ ಪೊರೆ ತೆಗೆದು, ಅದರ ಮೇಲೆ ಉಪ್ಪುನೀರು ಬಿಟ್ಟರೆ ಇದನ್ನು ಕಣ್ಣಾರೆ ನೋಡಬಹುದು. ಗೋಡೆ ಇದ್ದಲ್ಲೇ ನಿಲ್ಲುತ್ತದೆ. ಒಳಗಿನ ನೇರಳೆ ಬಣ್ಣದ ಚೀಲ ಮಾತ್ರ ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಗೋಡೆ ಬೇರೆ, ಪೊರೆ ಬೇರೆ ಎಂದು ಬಾಯಿಪಾಠ ಮಾಡಬೇಕಾಗಿಲ್ಲ. ಉಪ್ಪೇ ಪಾಠ ಮಾಡುತ್ತದೆ.

ಇನ್ನೊಂದು ಮಾತು. ಪುಸ್ತಕದ ಸಸ್ಯಕೋಶದಲ್ಲಿ ಹಸಿರು ಕ್ಲೋರೋಪ್ಲಾಸ್ಟುಗಳಿವೆ. ಈರುಳ್ಳಿ ಪೊರೆಯಲ್ಲಿ ಅವು ಇರುವುದಿಲ್ಲ. ಈರುಳ್ಳಿಯ ಪದರ ಎಂದರೆ ಆಹಾರ ಕೂಡಿಡುವ ಎಲೆ, ಬಿಸಿಲಿಗೆ ಅಡುಗೆ ಮಾಡುವ ಎಲೆಯಲ್ಲ. ಹಸಿರು ನೋಡಬೇಕೆಂದರೆ ಕೆರೆಯಲ್ಲಿ ಬೆಳೆಯುವ ಹೈಡ್ರಿಲ್ಲಾದ ಎಲೆ ತನ್ನಿ. ಬಣ್ಣವೇ ಬೇಡ. ಹಸಿರು ಕಾಳುಗಳು ಕೋಶದ ಅಂಚಿನಲ್ಲಿ ಸಾಲಾಗಿ ಸಾಗುವುದೂ ಕೆಲವೊಮ್ಮೆ ಕಾಣುತ್ತದೆ. ಪುಸ್ತಕದ ಚಿತ್ರ ಎಲ್ಲ ಕೋಶಗಳ ಗುಣಗಳನ್ನು ಒಂದೇ ಕಡೆ ಸೇರಿಸಿ ಬರೆದ ಚಿತ್ರ. ಅದು ಸುಳ್ಳಲ್ಲ. ಆದರೆ ಅಂಥದ್ದೇ ಒಂದು ಕೋಶ ಯಾವ ಗಿಡದಲ್ಲೂ ಸಿಗಬೇಕಾಗಿಲ್ಲ. ನೀವು ಹಾಕಿಕೊಂಡಿರುವ ಹತ್ತಿ ಬಟ್ಟೆಯನ್ನೇ ನೋಡಿ. ಹತ್ತಿಯ ಒಂದೊಂದು ಎಳೆಯೂ ಬೀಜದ ಮೇಲೆ ಬೆಳೆದ ಒಂದೊಂದು ಜೀವಕೋಶ. ಒಳಗಿನ ಜೀವ ಹೋಗಿ, ಗೋಡೆ ಮಾತ್ರ ಉಳಿದಿದೆ.

ಗೋಡೆ ಮಾತ್ರ ಉಳಿದ ಕೋಶಗಳನ್ನೇ 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಪ್ರಕಟಿಸಿದ್ದು. ಅವರು ನೋಡಿದ್ದು ಬೆಂಡಿನ ತೆಳು ಸೀಳು. ಖಾಲಿ ಕೋಣೆಗಳ ಹಾಗೆ ಕಂಡದ್ದರಿಂದ "ಸೆಲ್" ಎಂದು ಕರೆದರು. ಅದರಲ್ಲಿ ಚುಕ್ಕೆ ಇರಲಿಲ್ಲ. ಚುಕ್ಕೆಗೆ ಹೆಸರು ಸಿಗಲು ಇನ್ನೂ 166 ವರ್ಷ ಬೇಕಾಯಿತು. 1831ರಲ್ಲಿ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡಗಳನ್ನು ಪರೀಕ್ಷಿಸುತ್ತಿದ್ದರು. ನಮ್ಮ ಮರಗಳ ಮೇಲೆ ಬೆಳೆಯುವ ಸೀತಾಳೆ ದಂಡೆ ಅದೇ ಕುಟುಂಬದ್ದು. ಎಲೆಯ ಪ್ರತಿ ಕೋಶದಲ್ಲೂ ಒಂದು ಮಸುಕಾದ ದುಂಡು ವಸ್ತು ಅವರಿಗೆ ಕಂಡಿತು. ಮೊದಲೂ ಕೆಲವರು ಅದನ್ನು ಕಂಡಿದ್ದರು. ಬ್ರೌನ್ ಅದನ್ನು ಬೇರೆ ಬೇರೆ ಗಿಡಗಳಲ್ಲಿ ಹುಡುಕಿ, "ನ್ಯೂಕ್ಲಿಯಸ್" ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯ ಆ ಮಾತಿಗೆ ಕಾಯೊಳಗಿನ ತಿರುಳು ಎಂದು ಅರ್ಥ. ಮುಂದೆ 1838ರಲ್ಲಿ ಶ್ಲೈಡನ್ ಸಸ್ಯಗಳ ಬಗ್ಗೆ, 1839ರಲ್ಲಿ ಶ್ವಾನ್ ಪ್ರಾಣಿಗಳ ಬಗ್ಗೆ, ಎಲ್ಲವೂ ಕೋಶಗಳಿಂದಲೇ ಆಗಿವೆ ಎಂದು ಹೇಳಿದರು. ಗಿಡಕ್ಕೂ ನಮಗೂ ನೆಂಟಸ್ತಿಕೆ ಕುದುರಿದ್ದು ಆಗ.

ಈಗ ಪ್ರಾಣಿಕೋಶ ನೋಡೋಣ. ಬಾಯಿ ಮುಕ್ಕಳಿಸಿ, ಹೊಸ ಐಸ್‌ಕ್ರೀಮ್ ಕಡ್ಡಿಯಿಂದ ಕೆನ್ನೆಯ ಒಳಮೈಯನ್ನು ಹಗುರವಾಗಿ ಸವರಿ. ನೋವಾಗಬಾರದು, ರಕ್ತ ಬರಬಾರದು. ಒಬ್ಬರ ಕಡ್ಡಿ ಇನ್ನೊಬ್ಬರಿಗೆ ಬೇಡ. ಅದನ್ನು ಸ್ಲೈಡಿನ ಮೇಲಿನ ನೀರಿನ ಹನಿಯಲ್ಲಿ ಹರಡಿ, ಮೆಥಿಲೀನ್ ಬ್ಲೂ ಹಾಕಿ. ಇಲ್ಲಿ ಇಟ್ಟಿಗೆ ಗೋಡೆ ಇಲ್ಲ. ಗೋಡೆಯೇ ಇಲ್ಲದ ಕಾರಣ ಕೋಶಗಳು ನೆಲಕ್ಕೆ ಬಿದ್ದ ಹಪ್ಪಳದ ಹಾಗೆ ಅಂಕುಡೊಂಕಾಗಿ, ಕೆಲವು ಅಂಚು ಮಡಚಿಕೊಂಡು ಬಿದ್ದಿರುತ್ತವೆ. ಬಳೆ ಇಟ್ಟು ಎಳೆದ ವೃತ್ತ ಎಲ್ಲಿಯೂ ಸಿಗುವುದಿಲ್ಲ. ದೊಡ್ಡ ರಸದಾನಿಯಾಗಲಿ ಹಸಿರಾಗಲಿ ಇಲ್ಲ. ಆದರೆ ಪ್ರತಿಯೊಂದರಲ್ಲೂ ಕಡು ನೀಲಿಯ ಒಂದು ಚುಕ್ಕೆ ಇದೆ. ಈರುಳ್ಳಿಯಲ್ಲಿ ಕಂಡದ್ದೇ ಇಲ್ಲಿಯೂ ಕಂಡಿತು.

ಈರುಳ್ಳಿಯಲ್ಲಿ ರಸದಾನಿ ತಳ್ಳುವುದರಿಂದ ಕೋಶಕೇಂದ್ರ ಅಂಚಿಗೆ ಸರಿದಿರುತ್ತದೆ. ಕೆಲವು ಕೋಶಗಳಲ್ಲಿ ನಡುವೆ ಇದ್ದ ಹಾಗೆ ಕಂಡರೆ ಗಾಬರಿ ಬೇಡ. ಅದು ಮೇಲಿನ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಿದೆ. ನಾವು ಮೇಲಿನಿಂದ ನೋಡುತ್ತಿದ್ದೇವೆ, ಅಷ್ಟೇ. ಕೋಶಕೇಂದ್ರದ ಸುತ್ತ ಇರುವ ಲೋಳೆಯಂಥದ್ದು ಕೋಶದ್ರವ್ಯ. ಅದರಲ್ಲಿ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ, ಪ್ರೋಟೀನ್ ಕಟ್ಟುವ ರೈಬೋಸೋಮುಗಳು, ಇನ್ನೂ ಹಲವು ಇವೆ. ಶಾಲೆಯ ಉಪಕರಣಕ್ಕೆ ಅವು ಸಿಗುವುದು ಕಷ್ಟ. ಚುಕ್ಕೆ ಮಾತ್ರ ಎಲ್ಲರಿಗೂ ಸಿಗುತ್ತದೆ.

ಆ ಚುಕ್ಕೆ ಮಾಡುವ ಕೆಲಸವೇನು? ಅದು ಕೋಶದ ಮೆದುಳು ಎಂದು ನಾವು ಬರೆಯುತ್ತಿದ್ದೆವು. ನನಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು ಹೆಚ್ಚು ಸರಿ ಎನಿಸುತ್ತದೆ. ನಿಮ್ಮ ಅಪ್ಪ ಪಹಣಿ ಬೇಕೆಂದರೆ ಮೂಲ ದಾಖಲೆಯನ್ನು ಕೈಗೆ ಕೊಡುತ್ತಾರೆಯೇ? ಇಲ್ಲ, ನಕಲು ಕೊಡುತ್ತಾರೆ. ಕೋಶಕೇಂದ್ರದಲ್ಲೂ ಹಾಗೆಯೇ. ಒಳಗೆ ವರ್ಣತಂತುಗಳಿವೆ. ಮನುಷ್ಯನಲ್ಲಿ 46, ಈರುಳ್ಳಿಯಲ್ಲಿ 16. ಅವುಗಳಲ್ಲಿ ಸುತ್ತಿಟ್ಟಿರುವುದು ಡಿಎನ್ಎ ಎಂಬ ದಾರ. ಮನುಷ್ಯನ ಒಂದು ಕೋಶದ ಡಿಎನ್ಎಯನ್ನು ಬಿಡಿಸಿ ಉದ್ದಕ್ಕೆ ಇಟ್ಟರೆ ಸುಮಾರು 2 ಮೀಟರ್. ಅದನ್ನು ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟೂ ಅಗಲವಿಲ್ಲದ ಜಾಗದಲ್ಲಿ ಗಂಟು ಬೀಳದಂತೆ ಇಟ್ಟಿದೆ. ಆ ಮೂಲ ಹೊರಗೆ ಬರುವುದಿಲ್ಲ. ಬೇಕಾದ ಪುಟದ ನಕಲು ಆರ್‌ಎನ್ಎ ರೂಪದಲ್ಲಿ ಕೋಶಕೇಂದ್ರದ ಪೊರೆಯ ರಂಧ್ರಗಳಿಂದ ಹೊರಗೆ ಬರುತ್ತದೆ. ರೈಬೋಸೋಮ್ ಅದನ್ನು ಓದಿ ಪ್ರೋಟೀನ್ ಕಟ್ಟುತ್ತದೆ. ಕಣ್ಣಿನ ಕೋಶದಲ್ಲೂ ಕಾಲಿನ ಕೋಶದಲ್ಲೂ ಇರುವುದು ಒಂದೇ ದಾಖಲೆ. ಓದುವ ಪುಟ ಬೇರೆ.

ದಾಖಲೆ ಇಲ್ಲಿಯೇ ಇದೆ ಎಂದು ಗೊತ್ತಾದದ್ದು ಹೇಗೆ? ಜರ್ಮನಿಯ ಹ್ಯಾಮರ್ಲಿಂಗ್ 1930ರ ದಶಕದಲ್ಲಿ ಅಸಿಟಾಬ್ಯುಲೇರಿಯಾ ಎಂಬ ಸಮುದ್ರದ ಪಾಚಿಯ ಮೇಲೆ ಪ್ರಯೋಗ ಮಾಡಿದರು. ಅದು ಕೆಲವು ಸೆಂಟಿಮೀಟರ್ ಉದ್ದವಿದ್ದರೂ ಒಂದೇ ಕೋಶ. ಕೊಡೆಯ ಹಾಗೆ ಮೇಲೆ ಟೋಪಿ, ನಡುವೆ ಕಾಂಡ, ಕೆಳಗೆ ಬುಡ. ಕೋಶಕೇಂದ್ರ ಇರುವುದು ಬುಡದಲ್ಲಿ. ಬೇರೆ ಬೇರೆ ಟೋಪಿಯ ಎರಡು ಜಾತಿಗಳನ್ನು ಆರಿಸಿ, ಒಂದರ ಬುಡಕ್ಕೆ ಇನ್ನೊಂದರ ಕಾಂಡವನ್ನು ಕಸಿ ಮಾಡಿದರು. ಮೊದಲು ಬೆಳೆದ ಟೋಪಿ ಎರಡರ ಗುಣವನ್ನೂ ತೋರಿಸಬಹುದು, ಕಾಂಡದಲ್ಲಿ ಹಳೆಯ ನಕಲುಗಳು ಉಳಿದಿರುತ್ತವಲ್ಲ. ಅದನ್ನು ಕತ್ತರಿಸಿದ ಮೇಲೆ ಬಂದ ಟೋಪಿ ಬುಡದ ಜಾತಿಯದ್ದೇ ಆಗಿತ್ತು. ಕಸಿ ಕಟ್ಟುವ ಊರಿನವರು ನಾವು, ಇದರ ಅರ್ಥ ನಮಗೆ ಬೇಗ ಆಗುತ್ತದೆ.

ಡಿಎನ್ಎ ಮೊದಲು ಸಿಕ್ಕಿದ್ದು ಎಲ್ಲಿ ಗೊತ್ತೇ? ಕೀವಿನಲ್ಲಿ. 1869ರಲ್ಲಿ ಫ್ರೆಡ್ರಿಕ್ ಮೀಷರ್ ಎಂಬ ಯುವಕ ಆಸ್ಪತ್ರೆಯಿಂದ ಗಾಯದ ಬ್ಯಾಂಡೇಜುಗಳನ್ನು ತರಿಸಿ, ಕೀವಿನ ಬಿಳಿ ರಕ್ತಕಣಗಳ ಕೋಶಕೇಂದ್ರದಿಂದ ಹೊಸ ವಸ್ತುವೊಂದನ್ನು ಬೇರ್ಪಡಿಸಿದರು. ಯಾರೂ ಮುಟ್ಟಲು ಅಸಹ್ಯಪಡುವ ಬಟ್ಟೆಯಿಂದ ವಂಶದ ದಾಖಲೆ ಹೊರಬಂತು. ನಮ್ಮಂಥ ಟೆಕ್ನೀಷಿಯನ್ನರಿಗೆ ಈ ಕಥೆ ಕೇಳಲು ಹಿತ. ಜಂಭ ಇಳಿಸುವ ಇನ್ನೊಂದು ಸಂಗತಿ ಹೇಳುತ್ತೇನೆ. ಈರುಳ್ಳಿಯ ಡಿಎನ್ಎ ನಮ್ಮ ಡಿಎನ್ಎಗಿಂತ ಸುಮಾರು ಐದು ಪಟ್ಟು ದೊಡ್ಡದು. ಕಡತ ದಪ್ಪವಿದ್ದ ಮಾತ್ರಕ್ಕೆ ಆಸ್ತಿ ದೊಡ್ಡದಲ್ಲ.

ಎಲ್ಲ ಕೋಶಕ್ಕೂ ಒಂದೇ ಕೋಶಕೇಂದ್ರವೇ ಎಂದು ಈಗಾಗಲೇ ಒಬ್ಬ ಹುಡುಗಿ ಕೈಯೆತ್ತಿದ್ದಾಳೆ. ಒಳ್ಳೆಯ ಪ್ರಶ್ನೆ. ಎಳನೀರು ಕುಡಿಯುವಾಗ ನೆನಪಿಡಿ, ಆ ನೀರಿನಲ್ಲಿ ಗೋಡೆ ಕಟ್ಟಿಕೊಳ್ಳದ ಕೋಶಕೇಂದ್ರಗಳು ತೇಲುತ್ತಿರುತ್ತವೆ. ಅಂಚಿನಿಂದ ಗೋಡೆಗಳು ಕಟ್ಟಿಕೊಳ್ಳುತ್ತ ಬಂದಾಗ ಬಿಳಿ ತಿರುಳಾಗುತ್ತದೆ. ಇನ್ನು ನಮ್ಮ ಕೆಂಪು ರಕ್ತಕಣ ಬೆಳೆಯುವಾಗ ತನ್ನ ಕೋಶಕೇಂದ್ರವನ್ನು ಹೊರಹಾಕುತ್ತದೆ. ಆ ಜಾಗವೂ ಆಮ್ಲಜನಕ ಹೊರುವ ಹೀಮೋಗ್ಲೋಬಿನ್‌ಗೆ ಸಿಗುತ್ತದೆ. ಆದರೆ ದಾಖಲೆ ಹೋದ ಮೇಲೆ ಅದು ಎರಡಾಗಲಾರದು, ತನ್ನನ್ನು ರಿಪೇರಿ ಮಾಡಿಕೊಳ್ಳಲೂ ಹೆಚ್ಚು ಆಗದು. ಸುಮಾರು 120 ದಿನ ದುಡಿದು ಮುಗಿಯುತ್ತದೆ. ಕೋಳಿಯ, ಕಪ್ಪೆಯ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುತ್ತದೆ.

ಈಗ ನನ್ನ ಮೇಜಿನ ವಿಷಯಕ್ಕೆ ಬರುತ್ತೇನೆ. ನೀವು ಕೆನ್ನೆಯಿಂದ ತೆಗೆದಂಥ ಕೋಶಗಳೇ ನಮ್ಮಲ್ಲಿಗೂ ಬರುತ್ತವೆ. ವೈದ್ಯರು ಮೊದಲು ನೋಡುವುದು ಆ ಚುಕ್ಕೆಯನ್ನು. ಆರೋಗ್ಯದ ಕೆನ್ನೆಯ ಕೋಶದಲ್ಲಿ ಅಗಲವಾದ ಮೈ, ನಡುವೆ ಸಣ್ಣ ದುಂಡು ಕೋಶಕೇಂದ್ರ. ಊಟದ ತಟ್ಟೆಯ ನಡುವೆ ಒಂದು ನಿಂಬೆಹಣ್ಣು ಇಟ್ಟ ಹಾಗೆ. ಕ್ಯಾನ್ಸರ್ ಕೋಶದಲ್ಲಿ ಆ ನಿಂಬೆಹಣ್ಣು ದೊಡ್ಡದಾಗಿ, ಕಪ್ಪಾಗಿ, ಅಂಚು ಹರಿದಂತಾಗಿ ತಟ್ಟೆಯನ್ನೇ ತುಂಬಿಕೊಳ್ಳುತ್ತದೆ. ಗ್ರೀಸ್ ಮೂಲದ ವೈದ್ಯ ಪಾಪನಿಕೊಲಾವ್ ಹೆಂಗಸರ ಗರ್ಭಕಂಠದ ಕ್ಯಾನ್ಸರನ್ನು ಹೀಗೆ ಕೋಶ ಸವರಿ ಮೊದಲೇ ಪತ್ತೆ ಮಾಡುವ ವಿಧಾನವನ್ನು 1943ರ ಪುಸ್ತಕದಲ್ಲಿ ವಿವರಿಸಿದರು. ಅವರ ಹೆಸರಿನಿಂದಲೇ ಅದು ಪ್ಯಾಪ್ ಪರೀಕ್ಷೆ. ಹಿಂದೆ ಕುಳಿತಿರುವ ತಾಯಂದಿರು ಆ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಕಾಯಿಲೆ ಬರುವ ಮೊದಲೇ ಚುಕ್ಕೆ ಸುಳಿವು ಕೊಡುವುದೂ ಉಂಟು. ಕೋಶ ಎರಡಾಗುವಾಗ ದಾಖಲೆ ಸಮನಾಗಿ ಹಂಚಿಕೆಯಾಗಬೇಕು. ವರ್ಣತಂತುವಿನ ತುಂಡೊಂದು ಮುರಿದು ಹಿಂದೆ ಉಳಿದರೆ, ದೊಡ್ಡ ಚುಕ್ಕೆಯ ಪಕ್ಕ ಒಂದು ಪುಟ್ಟ ಚುಕ್ಕೆ ಆಗುತ್ತದೆ. ಮೈಕ್ರೋನ್ಯೂಕ್ಲಿಯಸ್ ಎನ್ನುತ್ತಾರೆ. ತಂಬಾಕು, ಅಡಿಕೆ ಜಗಿಯುವವರ ಕೆನ್ನೆಯ ಕೋಶಗಳಲ್ಲಿ ಇವು ಹೆಚ್ಚಿರುತ್ತವೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಶಾಲೆಯ ಸ್ಲೈಡಿನಲ್ಲಿ ಕಾಣುವ ಸಣ್ಣ ಚುಕ್ಕೆಗಳೆಲ್ಲ ಅವೇ ಎಂದು ಹೆದರಬೇಡಿ. ಬಾಯಿಯ ಬ್ಯಾಕ್ಟೀರಿಯಾಗಳೂ ಚುಕ್ಕೆಯಾಗಿ ಕಾಣುತ್ತವೆ. ಇಲ್ಲದ ಚುಕ್ಕೆ ಇಡಬಾರದು ಎಂದು ಮೇಷ್ಟ್ರು ಹೇಳಿದ್ದಾರಲ್ಲ.

ಅಡಿಕೆಯ ಮಾತು ಈ ಊರಿನಲ್ಲಿ ಆಡುವುದು ಸುಲಭವಲ್ಲ. ನನ್ನ ಪುಸ್ತಕ, ಹಾಸ್ಟೆಲ್ ಖರ್ಚು ಎಲ್ಲ ಬಂದದ್ದು ನಮ್ಮ ಅರ್ಧ ಎಕರೆ ತೋಟದಿಂದ. ರಾತ್ರಿಯೆಲ್ಲ ಅಡಿಕೆ ಸುಲಿದ ಕೈಗಳು ಈ ಸಭೆಯಲ್ಲಿ ನೂರಾರಿವೆ. ಯಾರ ಬೆಳೆಯನ್ನೂ ಬೈಯಲು ನಾನು ಬಂದಿಲ್ಲ. ಆದರೆ ಕಂಡದ್ದನ್ನು ಹೇಳದೆ ಹೋದರೆ ನಾನು ಕಲಿತ ವಿದ್ಯೆಗೆ ಅರ್ಥವಿಲ್ಲ. ತಂಬಾಕು ಸೇರಿಸದಿದ್ದರೂ ಅಡಿಕೆ ಜಗಿಯುವುದು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿದೆ.

ಹೊರಗಿನವರ ಕಥೆ ಹೇಳಲು ನನ್ನ ಕೆಲಸದ ಧರ್ಮ ಬಿಡುವುದಿಲ್ಲ. ನಮ್ಮ ಮನೆಯದ್ದು ಹೇಳುತ್ತೇನೆ. ಅಪ್ಪಯ್ಯನ ಬಾಯಲ್ಲಿ ಸದಾ ಕವಳ. ಒಂದು ಸಲ ನಾನು ಊರಿಗೆ ಬಂದಾಗ, ಊಟಕ್ಕೆ ಕೂತವರು ಅಪ್ಪೆಹುಳಿಯನ್ನು ಪಕ್ಕಕ್ಕೆ ಸರಿಸಿದರು. "ಯಾಕೆ ಅಪ್ಪಯ್ಯ?" ಎಂದೆ. "ಖಾರ, ಬಾಯಿ ಉರಿ ತಮಾ" ಎಂದರು. ಅಪ್ಪೆಹುಳಿ ಖಾರವಾಗಿರಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಎಡಗೆನ್ನೆಯೊಳಗೆ ಬಿಳಿ ಮಚ್ಚೆ. ಮರುದಿನವೇ ಬಸ್ಸು ಹತ್ತಿಸಿದೆ. ವೈದ್ಯರು ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಆ ಸ್ಲೈಡಿಗೆ ಬಣ್ಣ ಹಾಕಿದ್ದು ನಾನೇ. ಅವತ್ತು ಮಾತ್ರ ನಾನು ಇಣುಕಲಿಲ್ಲ. ವೈದ್ಯರು ನೋಡಿ, "ಕೋಶಕೇಂದ್ರಗಳು ಕೆಡುತ್ತಿವೆ, ಇನ್ನೂ ಆಳಕ್ಕೆ ಇಳಿದಿಲ್ಲ. ಸರಿಯಾದ ಹೊತ್ತಿಗೆ ಕರೆದುಕೊಂಡು ಬಂದಿದ್ದೀರಿ" ಅಂದರು. ಮಚ್ಚೆ ಕತ್ತರಿಸಿ ತೆಗೆದರು. ಅಪ್ಪಯ್ಯ ಕವಳದ ಸಂಚಿಯನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟರು. ಆಮೇಲೆ 11 ವರ್ಷ ಬದುಕಿದರು, ತೋಟಕ್ಕೂ ಹೋದರು, ಅಪ್ಪೆಹುಳಿಯನ್ನೂ ಉಂಡರು.

ಹೀಗೆ ಸರಿಯಾದ ಹೊತ್ತಿಗೆ ಬರುವವರು ಕಡಿಮೆ. ನನಗೆ ಹೆಚ್ಚು ಸಂಕಟ ಆದದ್ದು ಇಪ್ಪತ್ತರ ಆಸುಪಾಸಿನ ಹುಡುಗರನ್ನು ನೋಡಿದಾಗ. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ಅಡಿಕೆ ಪೊಟ್ಟಣಗಳಿಂದ ಕೆನ್ನೆಯೊಳಗಿನ ಮೈ ನಾರಾಗಿ ಬಿಗಿದುಕೊಂಡಿರುತ್ತದೆ. ಈಗ ಎಲ್ಲರೂ ಮೂರು ಬೆರಳು ಜೋಡಿಸಿ, ನಿಲುವಾಗಿ ಬಾಯಿಗೆ ಹಿಡಿದು ನೋಡಿ. ಸಾಮಾನ್ಯವಾಗಿ ಮೂರೂ ಹೋಗುತ್ತವೆ. ಹೋಗದಿದ್ದರೆ ಹೆದರಿ ಬಚ್ಚಿಡಬೇಡಿ, ದಂತವೈದ್ಯರಿಗೆ ತೋರಿಸಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರದಲ್ಲಿ ಮಾಯದ ಹುಣ್ಣು ಇದ್ದರೂ ಹಾಗೆಯೇ. ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು 2003ರ ಕಾಯ್ದೆ ಹೇಳುತ್ತದೆ. ಕಾಯ್ದೆ ಗೇಟಿನವರೆಗೆ ಕಾಯುತ್ತದೆ. ಜೇಬಿನೊಳಗಿನ ಪೊಟ್ಟಣವನ್ನು ಕಾಯಬೇಕಾದವರು ನೀವೇ. ಕೆನ್ನೆಯ ಒಳಮೈ ಕೆಲವು ವಾರಗಳಲ್ಲೇ ಹೊಸ ಕೋಶಗಳನ್ನು ಹುಟ್ಟಿಸಿಕೊಳ್ಳುತ್ತದೆ. ಇಂದು ಬಿಟ್ಟವನ ಅಪಾಯ ದಿನ ಹೋದಂತೆ ಕಡಿಮೆಯಾಗುತ್ತ ಬರುತ್ತದೆ.

ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಶಾಲೆಗೆ ಈಗ ನಾಲ್ಕು ಸೂಕ್ಷ್ಮದರ್ಶಕಗಳಿವೆ ಎಂದು ಕೇಳಿ ಸಂತೋಷವಾಯಿತು. ವಾರಕ್ಕೊಮ್ಮೆ ಅವು ಬೀರುವಿನಿಂದ ಹೊರಗೆ ಬರಲಿ. ಒಡೆದರೆ ಒಡೆಯಲಿ, ಗಾಜು ಒಡೆಯದೆ ಯಾರೂ ಕಲಿತಿಲ್ಲ. ನನ್ನ ಕಾಣಿಕೆಯಾಗಿ ಎರಡು ಪೆಟ್ಟಿಗೆ ಸ್ಲೈಡು, ಕವರ್‌ಸ್ಲಿಪ್ಪು, ಎರಡು ಬಾಟಲಿ ಬಣ್ಣ ತಂದಿದ್ದೇನೆ. ಈರುಳ್ಳಿ ನೀವು ತನ್ನಿ.

ಮಕ್ಕಳೇ, ಪರೀಕ್ಷೆಯಲ್ಲಿ ಚಿತ್ರ ಪುಸ್ತಕದಲ್ಲಿದ್ದ ಹಾಗೇ ಬರೆಯಿರಿ, ಅಂಕ ಬೇಕಲ್ಲ. ಆದರೆ ಅದಕ್ಕೆ ಮೊದಲು ಒಮ್ಮೆಯಾದರೂ ನಿಮ್ಮದೇ ಕೆನ್ನೆಯ ಕೋಶ ನೋಡಿ. ಪಕ್ಕದಲ್ಲಿ ಈರುಳ್ಳಿಯದನ್ನೂ ಇಟ್ಟು ನೋಡಿ. ಚುಕ್ಕೆಯನ್ನು ನೋಡಿದ ಮೇಲೆ ಇಡಿ. ಆ ಚುಕ್ಕೆ ನಿಮ್ಮ ಅಜ್ಜ ಅಜ್ಜಿಯರಿಂದ ಬಂದು ನಿಮ್ಮ ಕೈಗೆ ಸೇರಿದ ಆಸ್ತಿ. ಅದನ್ನು ಹಾಳುಮಾಡಿಕೊಳ್ಳಬೇಡಿ.

 ಈಗ ಸಾಲಾಗಿ ಬನ್ನಿ, ಒಬ್ಬೊಬ್ಬರೇ ನೋಡೋಣ.